ಗುಂಡು ಎಷ್ಟು ಒಳಗೆ ಕೂರಬೇಕು: ಹಾರ್ನಡಿ ಗೇಜಿನ ಜತೆ ಮೂರು ವರ್ಷ

ನನ್ನ ಟೂಲ್ ಬಾಕ್ಸಿನ ಮೇಲಿನ ಖಾನೆಯಲ್ಲಿ ಮೂರು ವರ್ಷದಿಂದ ಎರಡು ಕೆಂಪು ಸಾಮಾನು ಇವೆ. ಎರಡೂ ಮನೆಯಲ್ಲೇ ರೈಫಲ್ ತೋಟಾ ತುಂಬಿಕೊಳ್ಳುವವರು ಗುಂಡು ಎಷ್ಟು ಆಳಕ್ಕೆ ಕೂರಬೇಕು ಅಂತ ಅಳೆಯುವ ಸಾಮಾನು. ಒಂದು, ಹಾರ್ನಡಿಯವರ ಲಾಕ್-ಎನ್-ಲೋಡ್ ಒಎಎಲ್ (ಒಟ್ಟು ಉದ್ದದ) ಗೇಜು. ಇನ್ನೊಂದು, ಅವರದ್ದೇ ಬುಲೆಟ್ ಕಂಪ್ಯಾರೇಟರ್. ಮೊದಲ ದಿನ ಗೇಜನ್ನು ನೋಡಿ ನಮ್ಮ ಯಜಮಾನರು "ಇದೇನು, ಸೈಕಲ್ ಪಂಪಿನ ಮರಿಯಾ?" ಅಂದರು. ಅವರದ್ದೇನೂ ತಪ್ಪಿಲ್ಲ. ನೋಡೋಕೆ ಹಾಗೇ ಇದೆ. ಉದ್ದನೆಯ ಕೊಳವೆ, ಒಳಗೆ ಹಿಂದೆ ಮುಂದೆ ಜಾರುವ ಒಂದು ಕಡ್ಡಿ, ಕಡ್ಡಿಯನ್ನು ಹಿಡಿದು ನಿಲ್ಲಿಸಲು ಒಂದು ತಿರುಪು. ಅಷ್ಟೇ.

ಇಷ್ಟು ಸರಳ ಸಾಮಾನಿಗೆ ಇಷ್ಟುದ್ದ ವಿಮರ್ಶೆ ಯಾಕೆ ಅಂದರೆ, ಅದು ಕೊಡುವ ಸಂಖ್ಯೆಯನ್ನು ಎಷ್ಟು ನಂಬಬೇಕು ಎಂಬುದು ಕೈಗೆ ತಿಳಿಯಲು ನನಗೇ ಒಂದು ವರ್ಷ ಬೇಕಾಯಿತು. ಅಳೆಯುವುದೇ ಹೊಟ್ಟೆಪಾಡು ಆಗಿರುವ ನನಗೇ!

ನನ್ನ ಊರು ಗೋಣಿಕೊಪ್ಪದ ಹತ್ತಿರ. ಮನೆಯಲ್ಲಿ ಅಪ್ಪನ ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ಅದಕ್ಕೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಆ ಕೋವಿಯ ನಳಿಗೆ ಒಳಗೆಲ್ಲ ನುಣುಪು. ಅಂಗಡಿಯ ತೋಟಾ ಹಾಕಬೇಕು, ಹೊಡೆಯಬೇಕು. ಅಳತೆಯ ಮಾತೇ ಇರಲಿಲ್ಲ. ಅಳತೆಯ ಹುಚ್ಚು ಹಿಡಿದದ್ದು ಬೆಂಗಳೂರಿನಲ್ಲಿ. ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಿದೆ. ಆಮೇಲೆ ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಆರು ವರ್ಷ. ಈಗ ಅಮೆರಿಕದ ಒಹಾಯೊದಲ್ಲಿ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗ.

ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ಕೋವಿಯ ಆಸೆ ಇದ್ದರೂ ಸುಮ್ನೆ ಇದ್ದೆ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳಲು ಇಲ್ಲಿನ ಫೆಡರಲ್ ಕಾನೂನು ಅಡ್ಡ ಬರುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ, ಹೀಗೆ ಕೆಲವು ವಿನಾಯಿತಿ ಇವೆ, ಆದರೂ ಯಾಕೆ ಬೇಕು ರಗಳೆ ಅಂತ ಬಿಟ್ಟೆ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಒಂದು ಟಿಕ್ಕಾ ಟಿ3ಎಕ್ಸ್ ಕೊಂಡೆ. ಫಿನ್ಲೆಂಡಿನ ಸಾಕೋದವರು ಮಾಡುವ ಕೋವಿ. ತೋಟಾ 6.5 ಕ್ರೀಡ್‌ಮೂರ್. ಒಹಾಯೊದಲ್ಲಿ ಜಿಂಕೆ ಬೇಟೆಗೆ ರೈಫಲ್ ಹಿಡಿಯಬೇಕೆಂದರೆ ಗೋಡೆ ನೇರ ಇರುವ ಕೇಸಿನ (ಮದ್ದು ತುಂಬುವ ಹಿತ್ತಾಳೆ ಕೊಳವೆಯ) ತೋಟಾವೇ ಆಗಬೇಕು. ಕ್ರೀಡ್‌ಮೂರಿನದು ಕತ್ತು ಸಪೂರ ಇರುವ ಕೇಸು. ಹಾಗಾಗಿ ನನ್ನದು ಬರೀ ಕಾಗದಕ್ಕೆ ತೂತು ಹೊಡೆಯುವ ಕೋವಿ.

ಊರಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಅದು ಇಟ್ಟುಕೊಳ್ಳುವುದಕ್ಕೆ. ತೋಟಾ ತಯಾರಿಸುವುದು ಬೇರೆ ಮಾತು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಇಲ್ಲಿ ಬರೆದಿರುವುದನ್ನು ಅಲ್ಲಿ ಮಾಡಲು ಹೋಗಬೇಡಿ. ಇನ್ನು ಇಲ್ಲಿನವರು ಮದ್ದಿನ ಅಳತೆ ಕೇಳಬೇಡಿ. ಅದಕ್ಕೆ ಅಚ್ಚಾದ ಮ್ಯಾನ್ಯುಯಲ್ ಇದೆ.

ಈಗ ವಿಷಯ. ಕೇಸಿನಲ್ಲಿ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬಿಲ್ಲೆ), ಮದ್ದು ಎಲ್ಲ ಕೂತ ಮೇಲೆ ಕೊನೆಯ ಕೆಲಸ ಗುಂಡನ್ನು ಕೇಸಿನ ಕತ್ತಿನೊಳಕ್ಕೆ ಒತ್ತುವುದು. ಸೀಟಿಂಗ್ ಡೈ ಈ ಕೆಲಸ ಮಾಡುತ್ತದೆ. ಎಷ್ಟು ಆಳಕ್ಕೆ ಒತ್ತಬೇಕು? ತೋಟಾವನ್ನು ಕೋವಿಗೆ ಹಾಕಿ, ಹಿಂಬಾಗಿಲಿನಂಥ ಬೋಲ್ಟ್ ಮುಚ್ಚಿದಾಗ ಗುಂಡಿನ ಮುಂದೆ ಸ್ವಲ್ಪ ಖಾಲಿ ಜಾಗ ಇರುತ್ತದೆ. ಅದಾದ ಮೇಲೆ ನಳಿಗೆಯ ಸುರುಳಿ ಏಣುಗಳು ಶುರುವಾಗುತ್ತವೆ. ಕುದುರೆ ಒತ್ತಿದಾಗ ಗುಂಡು ಮೊದಲು ಈ ಖಾಲಿ ಜಾಗ ಹಾರಿ, ಏಣುಗಳಿಗೆ ತಾಕಿ, ಅವನ್ನು ಕಚ್ಚಿಕೊಂಡು ತಿರುಗುತ್ತ ಹೋಗುತ್ತದೆ. ಆ ಹಾರುವ ದೂರಕ್ಕೆ ಇಲ್ಲಿನವರು ಜಂಪ್ ಅನ್ನುತ್ತಾರೆ. ಅದನ್ನು ಹೇಳುವುದು ಥೌ ಲೆಕ್ಕದಲ್ಲಿ, ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಪೀಣ್ಯದಲ್ಲೂ ಥೌ, ಒಹಾಯೊದಲ್ಲೂ ಥೌ. ಊರು ಬಿಟ್ಟು ಬಂದು ಇಷ್ಟು ವರ್ಷವಾದರೂ ಬದಲಾಗದ ಪದ ಇದೊಂದೇ.

ಈ ಜಂಪ್ ಬದಲಾದರೆ ಗುಂಡುಗಳು ಕಾಗದದ ಮೇಲೆ ಗುಂಪಾಗಿ ಬೀಳುತ್ತವೋ ಚದುರುತ್ತವೋ ಅನ್ನುವುದೂ ಬದಲಾಗುತ್ತದೆ. ಅದಕ್ಕಿಂತ ಮುಖ್ಯ, ಒಳಗಿನ ಒತ್ತಡ ಬದಲಾಗುತ್ತದೆ. ಗುಂಡು ಮೊದಲೇ ಏಣುಗಳಿಗೆ ಒತ್ತಿಕೊಂಡು ಕೂತಿದ್ದರೆ ಹೊರಡುವಾಗ ಓಟ ಇರುವುದಿಲ್ಲ, ಒತ್ತಡ ಸರ್ರನೆ ಏರುತ್ತದೆ. ಇನ್ನೊಂದು ಪಜೀತಿಯೂ ಇದೆ. ಅಂಥ ತೋಟಾವನ್ನು ಹೊಡೆಯದೆ ಹೊರಗೆಳೆದರೆ ಗುಂಡು ನಳಿಗೆಯಲ್ಲೇ ಕಚ್ಚಿಕೊಂಡು, ಬರೀ ಕೇಸು ಹೊರಬಂದು, ಮದ್ದೆಲ್ಲ ಬೋಲ್ಟಿನ ಸಂದಿಯಲ್ಲಿ ಚೆಲ್ಲಬಹುದು. ಆದ್ದರಿಂದ ಏಣುಗಳು ಎಲ್ಲಿ ಶುರುವಾಗುತ್ತವೆ ಅಂತ ತಿಳಿದಿರಬೇಕು. ಅದು ಪುಸ್ತಕದಲ್ಲಿ ಸಿಗುವುದಿಲ್ಲ. ಒಂದೊಂದು ಕೋವಿಗೆ ಒಂದೊಂದು. ಅದೇ ಕೋವಿಯಲ್ಲೂ ಗುಂಡಿನ ಜಾತಿ ಬದಲಾದರೆ ಬೇರೆ.

ಪುಸ್ತಕದಲ್ಲಿ ಒಂದು ಸಂಖ್ಯೆ ಇದೆಯಲ್ಲ ಅನ್ನಬಹುದು. ಇದೆ. 6.5 ಕ್ರೀಡ್‌ಮೂರಿಗೆ ತೋಟಾಗಳ ಅಳತೆ ಗೊತ್ತುಮಾಡುವ ಅಮೆರಿಕದ ಸಾಮಿ ಸಂಸ್ಥೆ ಕೊಟ್ಟಿರುವ ಗರಿಷ್ಠ ಉದ್ದ 2.825 ಇಂಚು. ಕೇಸಿನ ಬುಡದಿಂದ ಗುಂಡಿನ ತುದಿಯವರೆಗೆ. ತೋಟಾ ಮ್ಯಾಗಜೀನಿನಲ್ಲಿ ಹಿಡಿಸುತ್ತದೆಯೇ ಅಂತ ನೋಡಲು ಇದು ಸರಿ. ಜಂಪ್ ತಿಳಿಯಲು ಕೆಲಸಕ್ಕೆ ಬಾರದು. ಯಾಕೆಂದರೆ ಏಣುಗಳಿಗೆ ಗುಂಡಿನ ತುದಿ ತಾಕುವುದೇ ಇಲ್ಲ. ತಾಕುವುದು ಇನ್ನೂ ಹಿಂದೆ, ಗುಂಡಿನ ಮೈ ಬಾಗುತ್ತ ಸಪೂರವಾಗುವ ಕಡೆ. ಆ ಬಾಗಿಗೆ ಓಜೈವ್ ಅಂತ ಹೆಸರು. ತುದಿಯ ಪ್ಲಾಸ್ಟಿಕ್ಕೋ ತಾಮ್ರವೋ ಒಂದೊಂದರಲ್ಲಿ ಒಂದಿಷ್ಟು ಉದ್ದ ಗಿಡ್ಡ ಇದ್ದೇ ಇರುತ್ತದೆ.

ಇದನ್ನು ನಾನು ನಂಬದೆ ಪರೀಕ್ಷೆ ಮಾಡಿದೆ. ಒಂದೇ ಡಬ್ಬಿಯ, ಹಾರ್ನಡಿಯವರ 140 ಗ್ರೇನ್ ತೂಕದ ಇಎಲ್‌ಡಿ ಮ್ಯಾಚ್ ಗುಂಡು ಹತ್ತು, ಡೈ ಅಲುಗಾಡಿಸದೆ ಒತ್ತಿದ್ದು. ತುದಿಯವರೆಗೆ ಅಳೆದರೆ ಅತಿ ಉದ್ದಕ್ಕೂ ಅತಿ ಗಿಡ್ಡಕ್ಕೂ 9 ಥೌ ವ್ಯತ್ಯಾಸ. ಕಂಪ್ಯಾರೇಟರಿನಲ್ಲಿ ಅದೇ ಹತ್ತು ಅಳೆದರೆ 2 ಥೌ. ನಾನು ಅಲ್ಲಿಯವರೆಗೆ ತುದಿಯವರೆಗೆ ಅಳೆದು, "ಛೆ, ಇದು ಉದ್ದ ಬಂತು" ಅಂತ ಡೈಯನ್ನು ತಿರುಗಿಸಿ ತಿರುಗಿಸಿ ಸರಿಯಾಗಿದ್ದದ್ದನ್ನೇ ಕೆಡಿಸುತ್ತಿದ್ದೆ. ಆರು ತಿಂಗಳ ಸರ್ಕಸ್.

ಕಂಪ್ಯಾರೇಟರ್ ಅಂದರೆ ಒಂದು ಸಣ್ಣ ಅಲ್ಯೂಮಿನಿಯಂ ಗಟ್ಟಿ. ಅದನ್ನು ಕ್ಯಾಲಿಪರಿನ (ಎರಡು ದವಡೆಯ ನಡುವೆ ಹಿಡಿದು ಉದ್ದ ಅಳೆಯುವ ಉಪಕರಣ) ಒಂದು ದವಡೆಗೆ ಸಿಕ್ಕಿಸಿ ತಿರುಪು ಬಿಗಿಯಬೇಕು. ಅದರೊಳಗೆ ಗುಂಡಿನ ಅಳತೆಗೆ ತಕ್ಕ ಇನ್ಸರ್ಟ್ ಕೂರುತ್ತದೆ. ನನ್ನದಕ್ಕೆ 26 ಅಂತ ನಂಬರು. ಇನ್ಸರ್ಟಿನ ರಂಧ್ರದೊಳಕ್ಕೆ ಗುಂಡಿನ ಮೂತಿ ನುಗ್ಗಿ, ಓಜೈವ್ ರಂಧ್ರದ ಅಂಚಿಗೆ ತಾಕಿ ನಿಲ್ಲುತ್ತದೆ. ತುದಿ ಎಷ್ಟು ಉದ್ದ ಇದ್ದರೂ ಲೆಕ್ಕಕ್ಕಿಲ್ಲ. ಗಟ್ಟಿಯ ಅಗಲ ಸರಿಯಾಗಿ 1 ಇಂಚು. ಓದಿದ ಸಂಖ್ಯೆಯಿಂದ 1 ಕಳೆಯಬಹುದು, ಇಲ್ಲವೇ ದವಡೆ ಮುಚ್ಚಿ ಅಲ್ಲೇ ಸೊನ್ನೆ ಮಾಡಿಕೊಳ್ಳಬಹುದು. ನಾನು ಸೊನ್ನೆ ಮಾಡಿಕೊಳ್ಳುತ್ತೇನೆ. ಕಳೆಯುವ ಲೆಕ್ಕ ರಾತ್ರಿ ಹತ್ತರ ಮೇಲೆ ನನಗೆ ಬರುವುದಿಲ್ಲ.

ಇದರ ಹೆಸರಲ್ಲೇ ಇದರ ಗುಟ್ಟು ಇದೆ, ಆದರೆ ಬಹಳ ಜನ ಅದನ್ನು ಓದುವುದಿಲ್ಲ. ಇದು ಕಂಪ್ಯಾರೇಟರ್. ಹೋಲಿಸುವ ಸಾಮಾನು. ಟೂಲ್ ರೂಮಿನಲ್ಲಿ ಸ್ಲಿಪ್ ಗೇಜ್ (ನಿಖರ ಅಳತೆಯ ಗಟ್ಟಿ) ಇಟ್ಟು ಡಯಲ್ ಅನ್ನು ಸೊನ್ನೆ ಮಾಡಿ, ಆಮೇಲೆ ಜಾಬ್, ಅಂದರೆ ಅಳೆಯಬೇಕಾದ ಸಾಮಾನು, ಇಟ್ಟು ಎಷ್ಟು ಹೆಚ್ಚು ಎಷ್ಟು ಕಡಿಮೆ ಅಂತ ನೋಡುತ್ತಿದ್ದೆವು. ಡಯಲ್ ಜಾಬಿನ ಉದ್ದ ಹೇಳುವುದಿಲ್ಲ, ವ್ಯತ್ಯಾಸ ಹೇಳುತ್ತದೆ. ಇದೂ ಅಷ್ಟೇ. ಇನ್ಸರ್ಟಿನ ರಂಧ್ರ ನಿಮ್ಮ ನಳಿಗೆಯ ಗಂಟಲಿನ ಅಚ್ಚಲ್ಲ. ನನ್ನ 26ಕ್ಕೂ ನಿಮ್ಮ 26ಕ್ಕೂ ಅಂಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೆ ಇಬ್ಬರ ಸಂಖ್ಯೆಯೂ ಬೇರೆ ಬರುತ್ತದೆ, ಇಬ್ಬರದೂ ಸರಿ. ಹಾಗಾಗಿ ಯಾರಾದರೂ "ನನ್ನದು 2.180ಕ್ಕೆ ಕೂರಿಸಿದೆ, ನೀನೂ ಹಾಗೇ ಮಾಡು" ಅಂದರೆ ನಕ್ಕು ಸುಮ್ಮನಾಗಿ. ಕೆಳಗೆ ನಾನು ಕೊಡುವ ಸಂಖ್ಯೆಗಳೂ ನನ್ನ ಕೋವಿಗೆ, ನನ್ನ ಇನ್ಸರ್ಟಿಗೆ ಮಾತ್ರ.

ಸಿಕ್ಕಿಸುವಾಗ ಒಂದು ಎಚ್ಚರ. ಗಟ್ಟಿ ದವಡೆಗೆ ನೇರ ಕೂರಬೇಕು. ಮೊದಲ ವಾರ ನಾನು ಅವಸರದಲ್ಲಿ ಸೊಟ್ಟಗೆ ಬಿಗಿದು, ಒಂದೇ ತೋಟಾವನ್ನು ತಿರುಗಿಸಿದಷ್ಟು ಸಲ ಹೊಸ ಸಂಖ್ಯೆ ಪಡೆದೆ. ಈಗ ಬೆಳಕಿಗೆ ಎದುರು ಹಿಡಿದು, ದವಡೆ ಮತ್ತು ಗಟ್ಟಿಯ ನಡುವೆ ಬೆಳಕು ತೂರದಂತೆ ನೋಡಿ ಬಿಗಿಯುತ್ತೇನೆ. ಎದುರು ದವಡೆಗೆ ಹಾಕಲು ಆನ್ವಿಲ್ ಬೇಸ್ ಅಂತ ಬೇರೆ ಮಾರುತ್ತಾರೆ. ಕೇಸಿನ ಬುಡ ಅದರ ಮೇಲೆ ಚಪ್ಪಟೆ ಕೂರುತ್ತದೆ. ಮೊದಲು ಬೇಡ ಅಂದುಕೊಂಡೆ, ಆಮೇಲೆ ಕೊಂಡೆ. ಕೈ ಅಭ್ಯಾಸ ಇಲ್ಲದವರು ಮೊದಲೇ ಕೊಳ್ಳುವುದು ಒಳ್ಳೆಯದು.

ಈಗ ಪಂಪಿನ ಮರಿ. ಏಣುಗಳನ್ನು ಹುಡುಕುವುದು ಇದೇ. ಇದಕ್ಕೆ ಮಾಡಿಫೈಡ್ ಕೇಸ್ ಅಂತ ಒಂದು ಬೇರೆ ಕೊಳ್ಳಬೇಕು. ನಿಮ್ಮ ತೋಟಾದ್ದೇ ಕೇಸು, ಬುಡದಲ್ಲಿ ಮರೆ (ತಿರುಪಿನ ಸುತ್ತು) ಕೊರೆದಿರುತ್ತದೆ, ಕತ್ತು ಸ್ವಲ್ಪ ಸಡಿಲ. ಅದನ್ನು ಗೇಜಿನ ತುದಿಗೆ ತಿರುಗಿಸಿ, ಕತ್ತಿನಲ್ಲಿ ಗುಂಡು ಇಟ್ಟು, ಬೋಲ್ಟ್ ತೆಗೆದ ಕೋವಿಗೆ ಹಿಂದಿನಿಂದ ತೂರಿಸಬೇಕು. ಕೇಸಿನ ಭುಜ (ಮೈ ಕತ್ತಿನ ಕಡೆ ಸಪೂರವಾಗುವ ಜಾಗ) ಚೇಂಬರಿಗೆ, ಅಂದರೆ ತೋಟಾ ಕೂರುವ ಗೂಡಿಗೆ, ತಾಕಿ ನಿಲ್ಲುತ್ತದೆ. ಈಗ ಕಡ್ಡಿಯಿಂದ ಗುಂಡನ್ನು ಮೆಲ್ಲಗೆ ಮುಂದೆ ತಳ್ಳಿದರೆ ಏಣುಗಳಿಗೆ ತಾಕಿ ಅದೂ ನಿಲ್ಲುತ್ತದೆ. ತಿರುಪು ಬಿಗಿದು, ಗೇಜನ್ನು ಹೊರಗೆ ತೆಗೆದು, ಗುಂಡನ್ನು ಮತ್ತೆ ಕಡ್ಡಿಗೆ ತಾಕುವ ಹಾಗೆ ಕತ್ತಿನಲ್ಲಿಟ್ಟು, ಕೇಸಿನ ಬುಡದಿಂದ ಓಜೈವಿನವರೆಗೆ ಅಳೆಯುವುದು. ಗೇಜಿನ ಬದಿಯಲ್ಲಿ ಕೇಸಿನ ಬುಡ ಕಾಣುವಂತೆ ಕಿಟಕಿ ಇದೆ, ಕ್ಯಾಲಿಪರ್ ಅಲ್ಲಿ ಕೂರುತ್ತದೆ. ಮೂಲದಲ್ಲಿ ಇದು ಸ್ಟೋನಿ ಪಾಯಿಂಟ್ ಎಂಬವರ ಸಾಮಾನು. ಆಮೇಲೆ ನೆಬ್ರಾಸ್ಕದ ಗ್ರ್ಯಾಂಡ್ ಐಲೆಂಡಿನ ಹಾರ್ನಡಿಯವರು ತೆಗೆದುಕೊಂಡರು. 1949ರಲ್ಲಿ ಶುರುವಾದ ಕಂಪನಿ. ಕ್ರೀಡ್‌ಮೂರ್ ತೋಟಾವೂ ಅವರದ್ದೇ, 2007ರದ್ದು.

ನೇರ ಗೇಜು ನನ್ನದರಂಥ ಬೋಲ್ಟ್ ಕೋವಿಗೆ. ಹಿಂದಿನಿಂದ ನೇರ ತೂರಿಸಲಾಗದ ಸೆಮಿ ಆಟೊಮ್ಯಾಟಿಕ್, ಲಿವರ್ ಕೋವಿಗಳಿಗೆ ಬಾಗಿದ ಗೇಜು ಬೇರೆ ಇದೆ. ಕೊಳ್ಳುವಾಗ ನೋಡಿ ಕೊಳ್ಳಿ. ಕೇಸು ಬಂದ ಮೇಲೂ ನೋಡಿ. ನಾನು ತರಿಸಿದ ಒಂದು ಆನ್‌ಲೈನ್ ಅಂಗಡಿ ಕ್ರೀಡ್‌ಮೂರ್ ಬದಲು 260 ರೆಮಿಂಗ್ಟನ್ ಕೇಸು ಕಳಿಸಿತ್ತು. ಪೊಟ್ಟಣದ ಮೇಲೆ ಚೀಟಿ ಸರಿಯಾಗೇ ಇತ್ತು! ಗುಂಡಿನ ಅಳತೆ ಎರಡಕ್ಕೂ ಒಂದೇ, ನೋಡೋಕೂ ಅಣ್ಣ ತಮ್ಮ. ಕೋವಿಗೆ ಹಾಕಿದರೆ ಪೂರ್ತಿ ಹೋಗಲಿಲ್ಲ. ಕ್ಯಾಲಿಪರ್ ಇಟ್ಟರೆ 2.03 ಇಂಚು. ಕ್ರೀಡ್‌ಮೂರಿನ ಕೇಸು 1.920 ದಾಟಬಾರದು. ಬದಲಿಸಿ ಕೊಟ್ಟರು, ಹತ್ತು ದಿನ ಹೋಯಿತು.

ಮೊದಲ ದಿನ ಸಿಕ್ಕ ಐದು ಅಳತೆ ನನ್ನ ಪುಸ್ತಕದಲ್ಲಿದೆ: 2.226, 2.229, 2.241, 2.228, 2.237. ಇದನ್ನು ಪೀಣ್ಯದ ನಮ್ಮ ಮೇಸ್ತ್ರಿ ನೋಡಿದ್ದರೆ ಪುಸ್ತಕ ಮುಖಕ್ಕೆ ಎಸೆಯುತ್ತಿದ್ದರು. ಕೆಲಸಕ್ಕೆ ಸೇರಿದ ವಾರ ಅವರು ಒಂದು ಡೋವೆಲ್ ಪಿನ್ನು ಕೊಟ್ಟು, "ಹತ್ತು ಸಲ ಅಳಿ, ಹತ್ತೂ ಒಂದೇ ಬರೋವರೆಗೂ ಊಟಕ್ಕೆ ಹೋಗಬೇಡಮ್ಮ" ಅಂದಿದ್ದರು. ಮಧ್ಯಾಹ್ನ ಮೂರಕ್ಕೆ ಊಟ ಮಾಡಿದೆ. ಅವತ್ತು ಕಲಿತದ್ದು, ತಪ್ಪು ಮೈಕ್ರೋಮೀಟರಿನಲ್ಲಿ ಇರುವುದಕ್ಕಿಂತ ಹೆಬ್ಬೆರಳಲ್ಲಿ ಜಾಸ್ತಿ.

ಇಲ್ಲೂ ಅದೇ. 2.241 ಬಂದಾಗ ನಾನು ಕಡ್ಡಿಯನ್ನು ಜೋರಾಗಿ ತಳ್ಳಿದ್ದೆ. ಗುಂಡು ಏಣುಗಳಿಗೆ ತಾಕಿ ನಿಲ್ಲದೆ ಅವುಗಳ ನಡುವೆ ತುರುಕಿಕೊಂಡಿತು. ಗೇಜು ಎಳೆದರೆ ಕೇಸು ಬಂತು, ಗುಂಡು ನಳಿಗೆಯಲ್ಲೇ ಉಳಿಯಿತು. ಎದೆ ಧಸಕ್ಕೆಂದಿತು, ಸುಳ್ಳಲ್ಲ. ಮದ್ದು ಇಲ್ಲ, ಪ್ರೈಮರ್ ಇಲ್ಲ, ಅಪಾಯ ಏನಿಲ್ಲ ಅಂತ ಗೊತ್ತು, ಆದರೂ. ಕ್ಲೀನಿಂಗ್ ರಾಡನ್ನು ನಳಿಗೆಯ ಬಾಯಿಂದ ಇಳಿಬಿಟ್ಟು ಮೆಲ್ಲಗೆ ಒತ್ತಿದೆ. ಟಪ್ ಅಂತ ಹಿಂದಕ್ಕೆ ಬಿತ್ತು. ಆಮೇಲಿಂದ ರಾಡನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತೇನೆ.

ಈಗ ಮಾಡುವ ಕ್ರಮ ಹೀಗೆ. ಕೋವಿಯ ಮೂತಿ ಸ್ವಲ್ಪ ಕೆಳಗೆ ಇರುವಂತೆ ಮಲಗಿಸುತ್ತೇನೆ. ಕೇಸು ಭುಜದವರೆಗೆ ಹೋಗಿ ಕೂತಿದೆಯೇ ಅಂತ ಎಡಗೈಯಿಂದ ಗೇಜನ್ನು ಒತ್ತಿ ಹಿಡಿಯುತ್ತೇನೆ. ಈ ಒತ್ತು ಬಿಟ್ಟರೆ ಎಲ್ಲ ಹಾಳು. ಬಲಗೈಯ ಒಂದೇ ಬೆರಳಲ್ಲಿ ಕಡ್ಡಿ ತಳ್ಳುತ್ತೇನೆ. ದೋಸೆ ಹಿಟ್ಟು ಹುದುಗಿದೆಯಾ ಅಂತ ಮುಟ್ಟಿ ನೋಡುವಷ್ಟು ಮೆಲ್ಲಗೆ. ತಾಕಿತು ಅನ್ನಿಸಿದ ಕೂಡಲೇ ನಿಲ್ಲಿಸಿ, ಇನ್ನೊಂದು ಸಲ ಅಷ್ಟೇ ಮೆಲ್ಲಗೆ ತಟ್ಟಿ, ಆಮೇಲೆ ತಿರುಪು. ತಿರುಪು ಬಿಗಿಯುವಾಗ ಕಡ್ಡಿ ಜತೆಗೆ ತಿರುಗದಂತೆ ಹಿಡಿಯಬೇಕು. ಹೀಗೆ ಹತ್ತು ಸಲ. ಈಗ ಹತ್ತೂ 3 ಥೌ ಒಳಗೆ ಬರುತ್ತವೆ. ಸರಾಸರಿ 2.228 ಬಂತು. ಇದಕ್ಕಿಂತ ಚೆನ್ನಾಗಿ ಈ ಗೇಜಿನಿಂದ ಬರುವುದಿಲ್ಲ, ಬರಬೇಕಾದ್ದೂ ಇಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಒಂದು ರಾತ್ರಿ ಮಲಗಿದ್ದಾಗ ಹೊಳೆಯಿತು: ಆ ಕೇಸು ನನ್ನ ಚೇಂಬರಿನಲ್ಲಿ ಹೊಡೆದದ್ದಲ್ಲವಲ್ಲ! ಹೊಸ ಕೇಸಿನ ಬುಡದಿಂದ ಭುಜದವರೆಗಿನ ಉದ್ದ ಚೇಂಬರಿಗಿಂತ ಸ್ವಲ್ಪ ಕಡಿಮೆ ಇರುತ್ತದೆ. ಯಾವ ಕೋವಿಗಾದರೂ ಸಲೀಸಾಗಿ ಹೋಗಲಿ ಅಂತ. ಗೇಜನ್ನು ಮುಂದಕ್ಕೆ ಒತ್ತಿದಾಗ ಆ ಕೇಸು ಅಷ್ಟು ಮುಂದೆ ಹೋಗಿ ಕೂರುತ್ತದೆ. ಬುಡ ಇರಬೇಕಾದ ಜಾಗಕ್ಕಿಂತ ಮುಂದಿದ್ದರೆ, ಬುಡದಿಂದ ಏಣುಗಳವರೆಗಿನ ಅಳತೆ ಅಷ್ಟು ಗಿಡ್ಡ ಬರುತ್ತದೆ. ಒಂದು ಸಲ ಹೊಡೆದ ಕೇಸು ಚೇಂಬರಿನ ಅಚ್ಚಿಗೆ ಉಬ್ಬಿರುತ್ತದೆ. ಅದರಲ್ಲೇ ಅಳೆದರೆ ನಿಜವಾದ ಸಂಖ್ಯೆ.

ಇಲ್ಲಿ ನನ್ನ ಹಳೆಯ ವಿದ್ಯೆ ಉಪಯೋಗಕ್ಕೆ ಬಂತು. ನನ್ನದೇ ಹೊಡೆದ ಕೇಸು ಒಂದನ್ನು ತೆಗೆದುಕೊಂಡು, ಪ್ರೈಮರ್ ಕೆಡವಿ, ಲೇತಿಗೆ ಹಾಕಿ ಬುಡ ಕೊರೆದು ಮರೆ ಹಾಕಿದೆ. ಆ ಮರೆ 5/16-36, ಅಂದರೆ 5/16 ಇಂಚು ದಪ್ಪ, ಇಂಚಿಗೆ 36 ಸುತ್ತು. ಇದೊಂದು ಕಿರಿಕಿರಿ. 5/16-24 ಟ್ಯಾಪ್ (ಮರೆ ಕೊರೆಯುವ ಉಪಕರಣ) ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಬಿದ್ದಿರುತ್ತದೆ. 36ರದ್ದು ಬೇಕೆಂದರೆ ತರಿಸಬೇಕು. ತರಿಸಿದೆ. ಹಿತ್ತಾಳೆ ತಾನೆ, ಬೆಣ್ಣೆಯ ಹಾಗೆ ಕೊರೆಯಿತು. ಹೊಡೆದ ಕೇಸಿನ ಕತ್ತು ತಾನಾಗೇ ಹಿಗ್ಗಿರುವುದರಿಂದ ಗುಂಡು ಸಲೀಸಾಗಿ ಜಾರಿತು. ಅಳೆದರೆ 2.233. ಕೊಂಡ ಕೇಸಿಗಿಂತ 5 ಥೌ ಜಾಸ್ತಿ.

5 ಥೌಗೆ ಇಷ್ಟು ಗಲಾಟೆಯಾ ಅಂದರೆ, ನಿಜ ಹೇಳಬೇಕೆಂದರೆ ಬೇಕಿಲ್ಲ. ಕೊಂಡ ಕೇಸಿನ ತಪ್ಪು ಸುರಕ್ಷಿತ ಕಡೆಗೇ ಇದೆ. 20 ಥೌ ಜಂಪ್ ಇದೆ ಅಂದುಕೊಂಡರೆ ನಿಜದಲ್ಲಿ 25 ಇರುತ್ತದೆ. ಲೇತು ಇಲ್ಲದವರು ನಿಶ್ಚಿಂತೆಯಿಂದ ಕೊಂಡ ಕೇಸನ್ನೇ ಬಳಸಿ, ಪ್ರತಿ ಸಲ ಅದನ್ನೇ ಬಳಸಿ. ನಾನು ಮಾಡಿದ್ದು ಹುಚ್ಚಿಗೆ.

ಕ್ಯಾಲಿಪರಿನ ಮಾತೂ ಇದೇ ಜಾತಿಯದು. ನನ್ನದು ಮಿಟುಟೊಯೊ, ಪೀಣ್ಯದ ಮೊದಲ ಬೋನಸ್ಸಿನಲ್ಲಿ ಕೊಂಡದ್ದು. ಸೀರೆ ಕೊಳ್ಳುತ್ತಾಳೆ ಅಂದುಕೊಂಡಿದ್ದ ಅಮ್ಮನಿಗೆ ಇನ್ನೂ ಬೇಜಾರಿದೆ. ಅದರ ಪರದೆಯಲ್ಲಿ ಅರ್ಧ ಥೌ ಕಾಣುತ್ತದೆ. ಆದರೆ ಆ 6 ಇಂಚಿನ ಕ್ಯಾಲಿಪರಿನ ನಿಖರತೆ 1 ಥೌ ಆಚೆ ಈಚೆ. ಅದಕ್ಕೆ ದವಡೆಯ ತುದಿಯಲ್ಲಿ ಒಂದು ಗಟ್ಟಿ ಸಿಕ್ಕಿಸಿದ್ದೀರಿ. ಅಳೆಯುವ ವಸ್ತು ಸ್ಕೇಲಿನ ಗೆರೆಯಲ್ಲೇ ಇರಬೇಕು, ದೂರ ಹೋದಷ್ಟೂ ದವಡೆ ಓಲಾಡಿದ್ದೆಲ್ಲ ತಪ್ಪಾಗಿ ಸೇರುತ್ತದೆ ಅಂತ ಜರ್ಮನಿಯ ಅರ್ನ್ಸ್ಟ್ ಅಬ್ಬೆ ಹಿಂದೆಯೇ ಹೇಳಿಟ್ಟಿದ್ದಾನೆ. ಮೈಕ್ರೋಮೀಟರ್ ಆ ಮಾತು ಕೇಳುತ್ತದೆ. ಕ್ಯಾಲಿಪರ್ ಕೇಳುವುದಿಲ್ಲ. ಕೈಯ ಒತ್ತಡ ಚೂರು ಬದಲಾದರೆ ಸಂಖ್ಯೆಯೂ ಬದಲು. ಅರ್ಧ ಥೌ ವ್ಯತ್ಯಾಸಕ್ಕೆ ತೋಟಾಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುವವರನ್ನು ನೋಡಿದ್ದೇನೆ. ಅವರು ಬೇರ್ಪಡಿಸುತ್ತಿರುವುದು ತೋಟಾಗಳನ್ನಲ್ಲ, ತಮ್ಮ ಹೆಬ್ಬೆರಳಿನ ಮೂಡನ್ನು.

ಗೇಜು ಕೊಳ್ಳದೆಯೂ ಏಣುಗಳನ್ನು ಹುಡುಕಬಹುದು. ಹಳಬರು ಕ್ಲೀನಿಂಗ್ ರಾಡಿನಲ್ಲೇ ಮಾಡುತ್ತಾರೆ. ಬೋಲ್ಟ್ ಮುಚ್ಚಿ, ರಾಡನ್ನು ನಳಿಗೆಯ ಬಾಯಿಂದ ಬೋಲ್ಟಿನ ಮುಖದವರೆಗೆ ಇಳಿಸಿ ಗುರುತು ಹಾಕುವುದು. ಆಮೇಲೆ ಬೋಲ್ಟ್ ತೆಗೆದು, ಬರೀ ಗುಂಡನ್ನು ಏಣುಗಳಿಗೆ ತಾಗಿಸಿ ಹಿಡಿದು, ಮತ್ತೆ ರಾಡ್ ಇಳಿಸಿ ಇನ್ನೊಂದು ಗುರುತು. ಎರಡು ಗುರುತಿನ ನಡುವಿನ ದೂರವೇ ಉದ್ದ. ಖರ್ಚಿಲ್ಲ, ಆದರೆ ಅದು ತುದಿಯವರೆಗಿನ ಅಳತೆ, ಮತ್ತೆ ಅದೇ ತುದಿಯ ತಕರಾರು. ಇನ್ನು ಕೆಲವರು ಕೇಸಿನ ಕತ್ತನ್ನು ಗರಗಸದಲ್ಲಿ ಸೀಳಿ, ಗುಂಡನ್ನು ಸಡಿಲವಾಗಿ ಸಿಕ್ಕಿಸಿ, ಬೋಲ್ಟ್ ಮುಚ್ಚಿ, ಏಣುಗಳೇ ಅದನ್ನು ಒಳಗೆ ತಳ್ಳುವಂತೆ ಮಾಡುತ್ತಾರೆ. ಅದನ್ನೂ ಮಾಡಿ ನೋಡಿದೆ. ಹೊರಗೆ ತೆಗೆಯುವಾಗ ಗುಂಡು ಒಂದು ಸಲ ಕಚ್ಚಿಕೊಂಡು ಚೂರು ಹೊರಬಂದಿರುತ್ತದೆ, ಗೊತ್ತೇ ಆಗುವುದಿಲ್ಲ. ನನಗೆ ಗೇಜೇ ವಾಸಿ.

ಇಷ್ಟೆಲ್ಲ ಅಳೆದು ಕಾಗದದ ಮೇಲೆ ಏನಾಯಿತು ಅನ್ನೋದು ಬೇಕಲ್ಲ. ಬರ್ಜರ್ ಗುಂಡಿನವರು ದೊಡ್ಡ ದೊಡ್ಡ ಹೆಜ್ಜೆಯಲ್ಲಿ, ಸುಮಾರು 40 ಥೌಗೊಂದರಂತೆ, ಜಂಪ್ ಬದಲಿಸಿ ನೋಡಿ ಅನ್ನುತ್ತಾರೆ. ನಾನು 20ರ ಹೆಜ್ಜೆ ಇಟ್ಟೆ. 20, 40, 60, 80 ಥೌ ಜಂಪ್, ಒಂದೊಂದರಲ್ಲೂ ಐದು ಗುಂಡು, 100 ಗಜ. ಮದ್ದು ಮ್ಯಾನ್ಯುಯಲಿನ ಕೆಳಗಿನ ಅಳತೆಯ ಹತ್ತಿರ. ಮೊದಲ ಶನಿವಾರ 60 ಅದ್ಭುತ, 20 ಕೆಟ್ಟದು. ಮನೆಗೆ ಬಂದು ಹಿಗ್ಗಿ ಪುಸ್ತಕದಲ್ಲಿ ಕೆಂಪು ಮಸಿಯಲ್ಲಿ ಬರೆದೆ. ಮುಂದಿನ ಶನಿವಾರ ಅದೇ ತೋಟಾ, ಅದೇ ಕೋವಿ: 40 ಅದ್ಭುತ, 60 ಸುಮಾರು. ಐದು ಗುಂಡಿನ ಗುಂಪು ಅಷ್ಟು ಬೇಗ ಮಾತು ಬದಲಿಸುತ್ತದೆ. ಮತ್ತೆ ಹತ್ತು ಹತ್ತು ಹೊಡೆದೆ. 40ಕ್ಕೂ 60ಕ್ಕೂ ನಡುವೆ ನನಗಂತೂ ವ್ಯತ್ಯಾಸ ಕಾಣಲಿಲ್ಲ, 20 ಮಾತ್ರ ಎರಡು ಸಲವೂ ಚದುರಿತು. ನಡುವೆ 50 ಹಿಡಿದೆ. 2.233ರಲ್ಲಿ 50 ಥೌ ಕಳೆದರೆ 2.183. ಅಲ್ಲಿಂದ ಐದು ಗುಂಡು ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚುವಷ್ಟು ಹತ್ತಿರ ಬೀಳುತ್ತಿವೆ. ನನಗೆ ಅಷ್ಟು ಸಾಕು.

ದುಡ್ಡಿನ ಲೆಕ್ಕ: ಗೇಜು, ಕೇಸು, ಕಂಪ್ಯಾರೇಟರ್, ಇನ್ಸರ್ಟು ಎಲ್ಲ ಸೇರಿ ನನಗೆ 100 ಡಾಲರಿನ ಆಸುಪಾಸು ಬಿತ್ತು. ಕ್ಯಾಲಿಪರ್ ಬೇರೆ. ಎರಡರಲ್ಲಿ ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ಕಂಪ್ಯಾರೇಟರ್ ಕೊಳ್ಳಿ. ಗೇಜು ವರ್ಷಕ್ಕೆ ಎರಡು ಮೂರು ಸಲ ಹೊರಬರುತ್ತದೆ, ಪಕ್ಕದವರ ಹತ್ತಿರ ಕೇಳಿ ತರಬಹುದು. ಕಂಪ್ಯಾರೇಟರ್ ಪ್ರತಿ ಸಲ ತೋಟಾ ತುಂಬುವಾಗಲೂ ಬೇಕು. ಪಿಸ್ತೂಲಿಗೆ ಮಾತ್ರ ತುಂಬುವವರಿಗೆ, ಬೇಟೆಗೆ ವರ್ಷಕ್ಕೆ ಒಂದು ಡಬ್ಬಿ ಹೊಡೆಯುವವರಿಗೆ ಎರಡೂ ಬೇಡ. ಮ್ಯಾನ್ಯುಯಲಿನ ಉದ್ದಕ್ಕೆ ಕೂರಿಸಿ, ನೆಮ್ಮದಿಯಾಗಿರಿ.

ಅಳೆಯುವ ಗುಂಡನ್ನು ಮಾತ್ರ ಬಿಸಾಡಬೇಡಿ. ನನ್ನ ಆ ಒಂದು ಗುಂಡಿಗೆ ಹಸಿರು ನೇಲ್ ಪಾಲಿಶ್ ಬಳಿದು, ಕೊರೆದ ಕೇಸಿನ ಜತೆ ಒಂದು ಹಳೆಯ ಕುಂಕುಮದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಹೊಡೆದಷ್ಟೂ ಬಿಸಿ ಗ್ಯಾಸು ನಳಿಗೆಯ ಗಂಟಲನ್ನು ತಿನ್ನುತ್ತದೆ, ಏಣುಗಳು ಮುಂದೆ ಮುಂದೆ ಸರಿಯುತ್ತವೆ. ಎಷ್ಟು ಸರಿದಿವೆ ಅಂತ ತಿಳಿಯಬೇಕಾದರೆ ಅದೇ ಗುಂಡು, ಅದೇ ಕೇಸು, ಅದೇ ಇನ್ಸರ್ಟು ಬೇಕು. ಕಳೆದ ತಿಂಗಳು, ಸುಮಾರು 700 ತೋಟಾ ಹೊಡೆದ ಮೇಲೆ, ಡಬ್ಬಿ ತೆಗೆದು ಮತ್ತೆ ಹತ್ತು ಸಲ ಅಳೆದೆ. ಸರಾಸರಿ 2.240. ಅಂದರೆ 7 ಥೌ ತಿಂದಿದೆ, ನನ್ನ 50ರ ಜಂಪ್ ಈಗ 57. ಡೈಯನ್ನು ಹಿಂದೆ ತಿರುಗಿಸಿ 2.190 ಮಾಡೋಣ ಅಂತ ಕೈ ಹೋಯಿತು. ತಡೆದು, ಶನಿವಾರ ಹಳೆಯ ತೋಟಾವನ್ನೇ ತೆಗೆದುಕೊಂಡು ಹೋಗಿ ಹತ್ತು ಹೊಡೆದೆ. ಗುಂಪು ಹಾಗೇ ಇತ್ತು. 2.183ಕ್ಕೇ ಬಿಟ್ಟಿದ್ದೇನೆ.